ಕರಿಮರದ ಮಹಿಮೆ ಬರೆದವಳು

ಕೆಲವು ವಿವರಗಳು ನನ್ನ ನೆನಪಿನಲ್ಲಿ ಅದಲುಬದಲಾಗಿರಬಹುದು — ಯಾವ ಮಾತು ಮೊದಲು ಬಂತು, ಯಾವುದು ಆಮೇಲೆ, ದೊಡ್ಡಮ್ಮ ಆಗ ನಕ್ಕಿದ್ದರೋ ಇಲ್ಲವೋ. ದಿನಚರಿ ಬರೆಯುವ ಅಭ್ಯಾಸವಿದೆ ನನಗೆ. ಆದರೆ ದೊಡ್ಡಮ್ಮನ ಮನೆಗೆ ಹೋಗಿದ್ದ ವಾರದ ಪುಟಗಳಲ್ಲಿ ಸೆಖೆಯ ಬಗ್ಗೆ ಇದೆ, ರೈಲು ತಡವಾದದ್ದಿದೆ, ಬರೆಯಬೇಕಾದದ್ದೊಂದೇ ಇಲ್ಲ. ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಕರಿಮರದ ಮಂತ್ರದಂಡ ನೋವನ್ನು ಹೀರಿಕೊಳ್ಳುತ್ತದೆ ಎಂದು ಕನ್ನಡದಲ್ಲಿ ಬರೆದವಳು ನಾನು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಗಂಡನಿಗೆ ವಲ್ಲಾರ್ಪಾಡಂ ಬಂದರಿನಲ್ಲಿ ಕೆಲಸ ಸಿಕ್ಕಿ ನಾವು ಮೈಸೂರಿನಿಂದ ಕೊಚ್ಚಿಗೆ ಬಂದ ಹೊಸತು. ನನ್ನದು ಕನ್ನಡ ಎಂ.ಎ. ಆ ಊರಿನಲ್ಲಿ ಅದನ್ನು ಯಾರು ಕೇಳುತ್ತಾರೆ? ಕೊನೆಗೆ ಕೇಳಿದವರು ಕೊಚ್ಚಿಗೆ ಅಂಟಿಕೊಂಡೇ ಇರುವ ತ್ರಿಪ್ಪುಣಿತ್ತುರದ ಒಬ್ಬ ಅಂಗಡಿಯಾಕೆ. ನಾನು ಚೇಚಿ ಎಂದು ಕರೆಯುತ್ತಿದ್ದೆ, ನಮ್ಮ ಅಕ್ಕ ಇದ್ದಂತೆ. ಹಳೆಯ ಮನೆಗಳನ್ನು ಕೆಡವುವಾಗ ಸಿಗುವ ಕರಿಮರದ ತುಂಡುಗಳನ್ನು ಕೊಂಡು, ಅದರಿಂದ ಮಂತ್ರದಂಡ ಮಾಡಿಸಿ, ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದರು. ಮೊದಮೊದಲು ಅವು ಮಕ್ಕಳ ಹುಟ್ಟುಹಬ್ಬಕ್ಕೆ ಹೋಗುತ್ತಿದ್ದವಂತೆ. ಆಮೇಲೆ ದೊಡ್ಡವರೂ ಕೇಳತೊಡಗಿದರು — ನಿದ್ದೆ ಬಾರದವರು, ನೆಮ್ಮದಿ ಇಲ್ಲದವರು. ಅವರಲ್ಲಿ ಬೆಂಗಳೂರಿನವರು ಬಹಳ. ಹಾಗಾಗಿ ಕನ್ನಡ ಬೇಕಾಯಿತು.

ಇದರ ಗುಣವೇನು ಎಂದು ಕೇಳಿದೆ. "ಅಪರೂಪದ ಮರ. ಭಾರ. ನೀರಿಗೆ ಹಾಕಿದರೆ ಮುಳುಗುತ್ತೆ. ನನಗೆ ಗೊತ್ತಿರೋದು ಇಷ್ಟೇ ಮೋಳೇ," ಎಂದು, ಮಗಳನ್ನು ಕರೆದಂತೆ, ತಮ್ಮ ಇಂಗ್ಲಿಷ್ ಬೆರೆತ ಮಲಯಾಳದಲ್ಲಿ ಹೇಳಿ ನಕ್ಕರು. "ಬಾಕಿ ನೀನು ನೋಡ್ಕೋ. ಓದಿದವಳಲ್ವಾ?"

ನೋಡಿಕೊಂಡೆ. ನಾನು ಚಿಕ್ಕವಳಿದ್ದಾಗ ಹೊಟ್ಟೆನೋವೆಂದು ಅತ್ತರೆ ದೊಡ್ಡಮ್ಮ — ಅಮ್ಮನ ಅಕ್ಕ — ಮಜ್ಜಿಗೆ ಕಡೆಯುವ ಕಡಗೋಲನ್ನು ತೊಳೆದು, ತಣ್ಣಗಿನ ಅದರ ತುದಿಯನ್ನು ಹೊಕ್ಕುಳ ಮೇಲಿಡುತ್ತಿದ್ದರು. "ನಿನ್ನ ಬಿಸಿ ಮರಕ್ಕೆ ಕೊಡು, ಅದು ತನ್ನ ತಂಪು ಕೊಡತ್ತೆ." ಹೀಗೇ ಅನ್ನುತ್ತಿದ್ದರೇ? ಅಥವಾ ನಾನು ಬರೆದ ಮೇಲೆ ಆ ಮಾತು ಹಿಂದಕ್ಕೆ ಹೋಗಿ ಅವರ ಬಾಯಲ್ಲಿ ಕೂತಿತೇ — ಈಗ ಹೇಳಲಾರೆ. ಅಂತೂ ಅದನ್ನೇ ಎತ್ತಿಕೊಂಡು ಬೆಳೆಸಿದೆ. ಕರಿಮರ ನೋವು, ಬಾವುಗಳನ್ನು ಹೀರುತ್ತದೆ. ಸಂಜೆ ದೀಪ ಹಚ್ಚಿದ ಮೇಲೆ ಎಡಗೈಯಲ್ಲಿ ಹಿಡಿಯಬೇಕು. ಹಿಡಿದವರ ಉಸಿರನ್ನು ಅದು ಗುರುತಿಟ್ಟುಕೊಳ್ಳುತ್ತದೆ. ಎಡಗೈ ಏಕೆಂದರೆ — ಏನೂ ಇಲ್ಲ, ವಾಕ್ಯಕ್ಕೆ ಒಪ್ಪುತ್ತಿತ್ತು.

ದೊಡ್ಡಮ್ಮ ಇರುವುದು ತಿರುವನಂತಪುರದಲ್ಲಿ. ದೊಡ್ಡಪ್ಪ ರಾಕೆಟ್ಟಿನ ಕೆಲಸದಿಂದ ನಿವೃತ್ತರಾಗಿ ಅಲ್ಲೇ ಉಳಿದರು. ಪಕ್ಕದ ಮನೆಯವರೊಂದಿಗೆ ಮಲಯಾಳ, ಮೊಮ್ಮಕ್ಕಳೊಂದಿಗೆ ಇಂಗ್ಲಿಷ್. ದೊಡ್ಡಪ್ಪನನ್ನು ಬಿಟ್ಟರೆ ದೊಡ್ಡಮ್ಮನಿಗೆ ಕನ್ನಡವೆಂದರೆ ಫೋನಿನಲ್ಲಿ ಬಂದಷ್ಟೇ. ಒಮ್ಮೆ ನಾನು ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ರೈಲಿಳಿದು ಅವರ ಮನೆಗೆ ಹೋದಾಗ, ಕಾಫಿ ಕೊಡುವ ಮೊದಲೇ ರೇಷ್ಮೆಯ ರವಿಕೆ ಕಣದಲ್ಲಿ ಸುತ್ತಿದ್ದ ಒಂದು ಕೋಲನ್ನು ತಂದು ತೋರಿಸಿದರು.

"ರಾಕೆಟ್ ಹಾರಿಸಿದವನ ಮನೆಗೆ ಮಂತ್ರದಂಡ ಬಂದಿದೆ ನೋಡಮ್ಮ," ಎಂದರು ದೊಡ್ಡಪ್ಪ.

"ನಿಮ್ಮ ರಾಕೆಟ್ಟಿಗೆ ತೆಂಗಿನಕಾಯಿ ಒಡೀತಿರಲಿಲ್ವೇ? ಸುಮ್ನಿರಿ." ನನ್ನ ಕಡೆ ತಿರುಗಿ, "ನಮ್ಮಮ್ಮ ಹೇಳ್ತಿದ್ದ ಹಾಗೇ ಬರೆದಿದಾರೆ ಕಣೇ. ಕೊಚ್ಚಿ ಅಂಗಡಿ. ನೀನಲ್ಲೇ ಇದೀಯಲ್ಲ, ನಂಬಬಹುದಾ? ಕನ್ನಡದಲ್ಲಿ ಇಷ್ಟು ಚೆನ್ನಾಗಿ ಬರೆಯೋರು ಸುಳ್ಳು ಬರೀತಾರಾ?"

ನನಗೆ ಮೊದಲು ಆದದ್ದು ನಾಚಿಕೆಯಲ್ಲ, ಹೆಮ್ಮೆ. ಇದನ್ನು ಹೇಳಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಬರೆದವಳು ನಾನೆಂದರೆ — ಇಂಥ ಕೆಲಸಕ್ಕೆ ಎಂ.ಎ. ಮಾಡಿದೆಯಾ ಎಂದು ದೊಡ್ಡಪ್ಪ ಕೇಳಬಹುದಿತ್ತು. ಅಷ್ಟಕ್ಕೇ ಹೆದರಿದೆ.

"ನಂಬಬಹುದು, ದೊಡ್ಡಮ್ಮ," ಎಂದೆ.

ಅವರು ಸೆರಗನ್ನು ಕತ್ತಿನವರೆಗೆ ಎಳೆದುಕೊಂಡರು. ಇನ್ನೇನೋ ಹೇಳಲು ಬಾಯಿ ತೆರೆದಂತಿತ್ತು, ಆಮೇಲೆ ಕಾಫಿಗೆಂದು ಒಳಗೆ ಹೋದರು. ನಿಜವಾಗಿ ಬಾಯಿ ತೆರೆದಿದ್ದರೇ? ಈಗ ಗೊತ್ತಿರುವುದನ್ನೆಲ್ಲ ಆ ಕ್ಷಣಕ್ಕೆ ತುಂಬುತ್ತಿದ್ದೇನೋ ಏನೋ.

ಕೆಲವು ತಿಂಗಳ ಮೇಲೆ ದೊಡ್ಡಪ್ಪನ ಫೋನು. "ನಿಮ್ಮ ದೊಡ್ಡಮ್ಮನ ಗಂಟಲಲ್ಲಿ ಗಡ್ಡೆ. ಯಾವಾಗಿಂದಲೋ ಇದೆಯಂತೆ, ನನಗೂ ಹೇಳಿಲ್ಲ. ದಿನಾ ಸಂಜೆ ದೇವರ ಮುಂದೆ ಆ ಕೋಲನ್ನ ಕತ್ತಿಗೊತ್ತಿಕೊಂಡು ಕೂರ್ತಿದ್ದಳು, ಜಪ ಅಂದ್ಕೊಂಡಿದ್ದೆ. ಈಗ ಇಡ್ಲಿ ಇಳೀತಿಲ್ಲ." ರಾಕೆಟ್ಟಿನ ತಮಾಷೆಯ ದನಿ ಅದಾಗಿರಲಿಲ್ಲ.

ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ ದಿನಗಳ ಬಗ್ಗೆ ಬರೆಯಲಾರೆ. ಕೆಟ್ಟದ್ದೇನಲ್ಲ ಎಂದು ವರದಿ ಬಂತು. ಮೊದಲೇ ಬಂದಿದ್ದರೆ ಇಷ್ಟು ದೊಡ್ಡ ಗಾಯ ಬೇಕಿರಲಿಲ್ಲ ಎಂದರು ಡಾಕ್ಟರು, ಗದರಿಸದೆ. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ — ಸಂತೋಷಕ್ಕೇ ಅತ್ತೆ, ಆದರೆ ಯಾರ ಸಂತೋಷಕ್ಕೆ? ದೊಡ್ಡಮ್ಮ ಉಳಿದರೆಂದೋ, ನಾನು ಉಳಿದೆನೆಂದೋ?

ಮರುದಿನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಚೇಚಿ, ಕಡಗೋಲು, ನಂಬಬಹುದು ಎಂದದ್ದು. ದೊಡ್ಡಮ್ಮ ಇನ್ನೂ ಸರಿಯಾಗಿ ಹೊರಡದ ದನಿಯಲ್ಲಿ ಪಿಸುಗುಟ್ಟಿದರು:

"ಎಡಗೈ ಅಂತ ಯಾಕೆ ಬರೆದೆ? ಭುಜ ಎಲ್ಲ ಹಿಡ್ಕೊಂಡಿದೆ ನಂಗೆ."

"ಭುಜಕ್ಕೆ ಇನ್ನೊಂದು ದಂಡ ತರಿಸಬೇಕಾಗಿತ್ತು," ಎಂದರು ದೊಡ್ಡಪ್ಪ. ಮೂವರೂ ನಕ್ಕೆವು, ದೊಡ್ಡಮ್ಮ ಹೊಲಿಗೆ ಹಿಡಿದುಕೊಂಡು. ಎದೆ ಹಗುರಾಯಿತು. ಅಷ್ಟು ಸುಲಭವಾಗಿ ಹಗುರಾಗಬಾರದಿತ್ತೇನೋ — ಆದರೆ ಆಯಿತು, ಆಗಿಲ್ಲವೆಂದರೆ ಅದೂ ಒಂದು ಸುಳ್ಳು.

ಚೇಚಿ ಒಂದೇ ಮಾತಿಗೆ ನನ್ನ ಬರಹವನ್ನು ತೆಗೆದುಹಾಕಿದರು. ಆದರೆ ಅದು ಆಗಲೇ ಬೇರೆ ಅಂಗಡಿಗಳಿಗೆ, ಯಾರು ಯಾರದೋ ಫೋನುಗಳಿಗೆ ಹೋಗಿತ್ತು. ಕಂಡಲ್ಲೆಲ್ಲ ಅದರ ಕೆಳಗೆ ಹೆಸರು ಹಾಕಿ ಬರೆಯುತ್ತೇನೆ: ಇದನ್ನು ಕಲ್ಪಿಸಿದವಳು ನಾನು, ನೋವಿದ್ದರೆ ಡಾಕ್ಟರ ಬಳಿ ಹೋಗಿ. ಕೆಲವರು ಬೈಯುತ್ತಾರೆ, ಮರದ ಮಹಿಮೆ ನಿನಗೇನು ಗೊತ್ತು ಎಂದು.

ದೊಡ್ಡಮ್ಮನ ದನಿ ಪೂರ್ತಿ ಮರಳಿದೆ. ಹೆಚ್ಚುಕಡಿಮೆ ದಿನವೂ ಫೋನು ಮಾಡಿ, ತರಕಾರಿಯಿಂದ ಹಿಡಿದು ಪಕ್ಕದ ಮನೆಯ ಮದುವೆಯವರೆಗೆ ಎಲ್ಲ ಮಾತಾಡುತ್ತಾರೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ, ನಾನೂ ಮತ್ತೆ ಕೇಳಿಲ್ಲ:

"ನಂಬಬೇಡಿ ಅಂತ ನಾನು ಅಂದಿದ್ದಿದ್ರೆ, ಗಂಟಲಿನ ವಿಷಯ ನಂಗೆ ಅವತ್ತೇ ಹೇಳ್ತಿದ್ರಾ, ದೊಡ್ಡಮ್ಮ?"