ಕಂಬದ ತಲೆಗೂ ಸ್ಲೋಪು

ಸ್ನೇಹಿತರೇ, ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಧೂಮಕೇತುವಿನ ಫೋಟೋ ತೆಗೆಯಲೆಂದು ವಿಜಯನಗರದ ನಮ್ಮ ಹಿತ್ತಲಲ್ಲಿ ದೂರದರ್ಶಕಕ್ಕೊಂದು ಕಾಂಕ್ರೀಟ್ ಕಂಬ ಕಟ್ಟಿಸಿದೆ. ಇವತ್ತು ಅದರ ಮೇಲೆ ರಸಮಟ್ಟ ಇಟ್ಟರೆ ಗುಳ್ಳೆ ಒಂದೇ ಮೂಲೆಗೆ ಓಡಿತು.

“ಮೇಸ್ತ್ರಿ, ಇದು ವಾಲಿದೆಯಲ್ರೀ!”

“ವಾಲಿಲ್ಲ ಸಾರ್. ನೀರು ಈಶಾನ್ಯಕ್ಕೆ ಹೋಗ್ಲಿ ಅಂತ ನಾನೇ ಸ್ಲೋಪು ಕೊಟ್ಟಿದೀನಿ.”

“ಗೇಣಗಲದ ಕಂಬದ ಮೇಲೆ ಯಾವ ನೀರ್ರೀ? ಮಟ್ಟವಾಗಿರ್ಬೇಕು ಅಂತ ನೂರು ಸಲ ಹೇಳಿದ್ನಲ್ಲ!”

“ಹೇಳಿದ್ರಿ ಸಾರ್. ನಾಳೆ ನೀರು ನಿಂತ್ರೆ ಬೈಯೋದು ನನ್ನನ್ನೇ ಅಲ್ವಾ?”

ಹೋದ ವರ್ಷ ನಮ್ಮ ತಾರಸಿ ಹಾಕಿದವರೂ ಇವರೇ. ಮಳೆ ಬಂದರೆ ಅಲ್ಲಿ ಪಾದ ಮುಳುಗುವಷ್ಟು ನೀರು ವಾರಗಟ್ಟಲೆ ನಿಲ್ಲುತ್ತದೆ. ರಸಮಟ್ಟವನ್ನು ಅಲ್ಲಿಗೆ ಒಯ್ದು ಇಟ್ಟೆ. ಗುಳ್ಳೆ ನಟ್ಟನಡುವೆ ಬಂದು ನಿಂತಿತು.

ಧೂಮಕೇತು ನೋಡಲು ಬರುವವರು ಸೀದಾ ತಾರಸಿಗೆ ಬನ್ನಿ, ಪಂಚೆ ಎತ್ತಿ ಕಟ್ಟಿಕೊಂಡು.