ಸೊಸೆಯ ಕಂಪ್ಯೂಟರಿನಲ್ಲಿದ್ದ ಎರಡು ವಿಂಡೋಸ್

ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಕೇಳುವುದು ನನ್ನ ಹಳೆಯ ಚಟ. ಮುಚ್ಚಿದ್ದರ ಒಳಗೇನಿದೆ ಎಂದು ತಿಳಿಯದೆ ಕೈ ಸುಮ್ಮನಿರದು. ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕಿಳಿದವನು ನಾನು. ಸೊಸೆಯ ಕಂಪ್ಯೂಟರನ್ನೂ ಅದೇ ಕೈಯಿಂದ ಮುಟ್ಟಿದೆ.

ಸೊಸೆ ರವಿಕೆಗಳಿಗೆ ಕಸೂತಿ ಹಾಕುವ ಯಂತ್ರ ಇಟ್ಟುಕೊಂಡಿದ್ದಾಳೆ. ಬಳ್ಳಿ, ನವಿಲು, ಮಾವಿನಕಾಯಿ ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ತಾನೇ ಬರೆದು ಆಮೇಲೆ ಯಂತ್ರಕ್ಕೆ ಕೊಡುತ್ತಾಳೆ. ಒಮ್ಮೆ ಆ ಕಂಪ್ಯೂಟರನ್ನು ರಿಪೇರಿಗೆ ತಿಪಟೂರಿಗೆ ಕೊಟ್ಟಾಗ ಅಂಗಡಿಯವನು ಹಳೆಯ ವಿಂಡೋಸ್ ತೆಗೆಯದೆ ಪಕ್ಕದಲ್ಲೇ ಹೊಸದೊಂದನ್ನು ಹಾಕಿದ್ದ. ಅಂದಿನಿಂದ ಆನ್ ಮಾಡಿದಾಗಲೆಲ್ಲ ಎರಡರಲ್ಲಿ ಯಾವುದು ಬೇಕು ಎಂದು ಅದು ಕೇಳುತ್ತಿತ್ತು. ಸೊಸೆ ಮೇಲಿನದನ್ನು ಒತ್ತುವಳು. ಕೆಳಗಿನದರಲ್ಲಿ ಏನಿದೆಯಮ್ಮ ಎಂದೆ.

"ಏನೂ ಇಲ್ಲ ಮಾವ, ಹಳೇದು. ಮುಟ್ಬೇಡಿ, ಅಂಗಡಿಯವ್ರು ಬಂದು ತೆಗೀತಾರೆ."

ಏನೂ ಇಲ್ಲದ್ದು ದಿನಾ ಬಾಗಿಲಲ್ಲಿ ನಿಂತು ಯಾಕೆ ಕೂಗಬೇಕು?

ಅವಳು ರವಿಕೆ ಕೊಡಲು ತುರುವೇಕೆರೆಗೆ ಹೋದ ದಿನ ನಾನು ಕೂತೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದೆ: ಬಳಸುವ ವಿಂಡೋಸಿನಲ್ಲಿ ಕೂತು, ಬೇಡದ್ದು ಇರುವ ಡ್ರೈವನ್ನು ಅಳಿಸಬೇಕು. ನಮ್ಮದು ಸಿ, ಹಳೆಯದು ಡಿ ಎಂದು ಮೊದಲೇ ನೋಡಿಟ್ಟುಕೊಂಡಿದ್ದೆ. ಅಳಿಸುವ ಮುಂಚೆ ಒಂದು ಸಲ ಹಳೆಯದನ್ನು ನೋಡಿಬಿಡೋಣ ಅನ್ನಿಸಿ ಕೆಳಗಿನದನ್ನು ಒತ್ತಿದೆ. ಅದೇ ನೀಲಿ ಪರದೆ. ಒಂದೇ ಅಳತೆಯಲ್ಲಿ ಕಟ್ಟಿದ ಎರಡು ಮನೆಗಳಂತಿದ್ದವು, ಇದರಲ್ಲಿ ಸಾಮಾನು ಮಾತ್ರ ಇರಲಿಲ್ಲ. ಒಂದೊಂದೇ ತೆರೆದು ನೋಡುತ್ತಿದ್ದವನು ತೋಟಕ್ಕೆ ನೀರು ಬಿಟ್ಟದ್ದು ನೆನಪಾಗಿ ಎದ್ದು ಹೋದೆ. ತಿರುಗಿ ಬಂದು ಕೂತಾಗ ಯಾವುದರೊಳಗಿದ್ದೇನೆ ಎಂಬುದೇ ಮರೆತಿತ್ತು. ಡಿ ಆರಿಸಿ ಫಾರ್ಮ್ಯಾಟ್ ಒತ್ತಿದೆ. ಎಲ್ಲವೂ ಹೋಗುತ್ತದೆ ಎಂದು ಎಚ್ಚರಿಸಿತು. ಹೋಗಲೆಂದೇ ತಾನೆ, ಸರಿ ಎಂದೆ.

ಆಮೇಲೆ ಮತ್ತೆ ಆನ್ ಮಾಡಿ ಮೇಲಿನದನ್ನು ಒತ್ತಿದರೆ ಏಳಲೇ ಇಲ್ಲ.

ನಮ್ಮ ತೋಟದಲ್ಲಿ ನಿಂತಾಗ ಬದುವಿನ ಆ ಕಡೆಯದು ಆಚೆ ತೋಟ. ಅಲ್ಲಿ ನಿಂತವರಿಗೆ ನಮ್ಮದೇ ಆಚೆ ತೋಟ. ವಿಂಡೋಸೂ ಹಾಗೆಯೇ. ಪ್ರತಿಯೊಂದೂ ತಾನಿರುವ ಜಾಗವನ್ನೇ ಸಿ ಎನ್ನುತ್ತದೆ, ಇನ್ನೊಂದನ್ನು ಡಿ ಎನ್ನುತ್ತದೆ. ಹಳೆಯದರೊಳಗೆ ಕೂತು ನಾನು ಸೊಸೆಯ ಅಷ್ಟೂ ಚಿತ್ರಗಳನ್ನು ಅಳಿಸಿದ್ದೆ.

ಸಂಜೆ ಅವಳು ಬಂದಾಗ, ಕರೆಂಟು ಹೋಗಿ ಬಂತು, ಆಮೇಲೆ ಹೀಗಾಗಿದೆ ಎಂದೆ. ಮಾರನೆಯ ದಿನ ಅಂಗಡಿಯವನು ಬಂದು, "ಯಾರಾದ್ರೂ ಫಾರ್ಮ್ಯಾಟ್ ಕೊಟ್ರಾ ಯಜಮಾನ್ರೇ?" ಎಂದು ಕೇಳಿದ. ಇಲ್ಲ ಎಂದೆ. ಕರೆಂಟಿನಿಂದಲೇ ಕೆಟ್ಟಿದೆ ಎಂದುಕೊಂಡು ಅವನು ಎರಡನ್ನೂ ತೆಗೆದು ಒಂದೇ ವಿಂಡೋಸ್ ಹಾಕಿಕೊಟ್ಟ.

ಸೊಸೆ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿದಳು. ಬಿಳಿಗೆರೆಯಿಂದ, ನೊಣವಿನಕೆರೆಯಿಂದ ಹೆಂಗಸರು ತಮ್ಮ ಮದುವೆಯ ರವಿಕೆಗಳನ್ನು ತಂದುಕೊಟ್ಟರು. ಅವನ್ನು ಮೇಜಿನ ಮೇಲೆ ಹರಡಿ, ಬಟ್ಟೆ ನೋಡಿಕೊಂಡು ಒಂದೊಂದೇ ಎಲೆಯನ್ನು ಮತ್ತೆ ಬರೆಯತೊಡಗಿದಳು. ಎಷ್ಟೋ ರವಿಕೆಗಳು ಬರಲೇ ಇಲ್ಲ.

ಕೊಬ್ಬರಿ ಮಾರಲು ತಿಪಟೂರಿಗೆ ಹೋದಾಗ ಆ ಅಂಗಡಿಗೆ ಹೋಗಿ, ಬೇರೆ ಯಾರದೋ ಮಾತೆಂಬಂತೆ ವಿಚಾರಿಸಿದೆ. ಫಾರ್ಮ್ಯಾಟ್ ಆದದ್ದು ಮತ್ತೆ ಸಿಗುತ್ತದೆಯೇ?

"ಅದ್ರ ಮೇಲೆ ಹೊಸದು ಹಾಕೋ ಮುಂಚೆ ಹೇಳಿದ್ರೆ ಮುಕ್ಕಾಲು ಪಾಲು ಸಿಗುತ್ತೆ," ಎಂದ.

ಮನೆಗೆ ಬಂದವನೇ ಸೊಸೆಗೆ ಎಲ್ಲ ಹೇಳಿದೆ, ಅಂಗಡಿಯವನ ಈ ಮಾತನ್ನೂ ಸೇರಿಸಿ. ಅವಳು ಕೈಯಲ್ಲಿದ್ದ ರವಿಕೆಯನ್ನು ಮಡಿಸಿಟ್ಟಳು.

"ನಾನೇ ಸ್ವಿಚ್ ಆಫ್ ಮಾಡ್ದೆ ಹೋಗಿದ್ದೆ, ಅದಕ್ಕೇ ಕರೆಂಟಿಗೆ ಕೆಟ್ಟೋಯ್ತು ಅಂದ್ಕೊಂಡಿದ್ನಲ್ಲ ಮಾವ. ಈಗ್ಲೂ ಅರ್ಧ ದಾರಿಯಿಂದ ವಾಪಸ್ ಬಂದು ನೋಡ್ಕೊಂಡು ಹೋಗ್ತೀನಿ."

ಅವಳು ಹಾಗೆ ತಿರುಗಿ ಬರುವುದನ್ನು ಜಗುಲಿಯಿಂದ ನಾನೇ ಎಷ್ಟೋ ಸಲ ನೋಡಿದ್ದೆ. ಏನೋ ಮರೆತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಕೆಲವು ದಿನ ಕಾಫಿಯನ್ನು ಕೈಗೆ ಕೊಡದೆ ಜಗುಲಿಯ ಮೇಲಿಟ್ಟು ಹೋದಳು. ಆಮೇಲೊಂದು ಬೆಳಿಗ್ಗೆ ರವಿಕೆಗಳ ಚೀಲ ಹಿಡಿದು ಹೊರಟವಳು, ಸ್ವಿಚ್ ನೀವೇ ನೋಡಿಕೊಳ್ಳಿ ಎಂದು ಹೇಳಿ ಮೆಟ್ಟಿಲಿಳಿದಳು. ಬಸ್ಸು ಹೊರಟ ಸದ್ದು ಕೇಳುವವರೆಗೂ ಜಗುಲಿಯಲ್ಲೇ ಕೂತಿದ್ದೆ. ಸ್ವಿಚ್ ನೋಡಲು ಅವಳು ಅರ್ಧ ದಾರಿಯಿಂದ ತಿರುಗಿ ಬರಲಿಲ್ಲ.