ತಾರೀಖಿನ ನಡುವಿನ ಗೆರೆ

ಹುಕ್ಕೇರಿಯ ಆ ಮಂಗಲ ಕಾರ್ಯಾಲಯದ ಸಾಹುಕಾರರ ಮುಖ ಕಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಗೋಕಾಕದಲ್ಲಿ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಅವರ ಲಗ್ನದ ಬುಕಿಂಗ್ ಸೈಟನ್ನು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದುಕೊಟ್ಟವಳು ನಾನೇ. ಆ ಭಾಷೆಗೆ ಒಂದು ರೂಢಿಯಿದೆ. ತಾರೀಖಿನ ಅಂಕಿಗಳ ನಡುವೆ ಅಡ್ಡಗೆರೆ ಇದ್ದರೆ ನಮ್ಮ ಹಾಗೆ ಮೊದಲನೆಯದನ್ನು ದಿನ ಎಂದು ಓದುತ್ತದೆ. ಓರೆಗೆರೆ ಕಂಡರೆ ಅಮೆರಿಕದವರ ಹಾಗೆ ಅದನ್ನೇ ತಿಂಗಳು ಎಂದುಕೊಳ್ಳುತ್ತದೆ. ಅದಕ್ಕೇ ನಾನು ಎಲ್ಲ ಕಡೆ ಅಡ್ಡಗೆರೆ ಹಾಕಿದ್ದೆ.

ಸಾಹುಕಾರರು ಸ್ಕ್ರೀನ್ ನೋಡಿ ಮುಖ ಸಿಂಡರಿಸಿದರು. “ಏನವಾ ಇದು? ಲಗ್ನದ ತಾರೀಖಿನಾಗ ಕಳಿಯೂ ಗುರ್ತು ಹಾಕೀಯಲ್ಲ? ಶುಭ ಕಾರ್ಯದಾಗ ಕಳೀತಾರೇನು?”

“ಕಳಿಯೂದಲ್ರಿ, ಬರೇ ಗೆರಿ ಐತ್ರಿ. ಅದನ್ನ ಮುಟ್ಟಿದ್ರ ದಿನ, ತಿಂಗಳ ಅದಲುಬದಲ ಆಗ್ತಾವ್ರಿ.”

ಅವರು ತಲೆಯಾಡಿಸಿ ಚಹಾ ತರಿಸಿದರು. ನಾನು ಅತ್ತ ಹೋದದ್ದೇ ತಡ, ಅಳಿಯನನ್ನು ಕೂರಿಸಿಕೊಂಡು ಗೆರೆಗಳನ್ನೆಲ್ಲ ಓರೆ ಮಾಡಿಸಿದ್ದರು. ಹನ್ನೆರಡು ದಾಟಿದ ತಾರೀಖುಗಳನ್ನು ಸೈಟು ಒಪ್ಪದೇ ಹೋದಾಗಲೂ ನನಗೆ ತಿಳಿಸದೆ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದುಕೊಂಡರಂತೆ. ಇದೆಲ್ಲ ಗೊತ್ತಾದದ್ದು ಆಮೇಲೆ.

ನನ್ನ ತಂಗಿಯ ಲಗ್ನಕ್ಕೆ ಆ ಸೈಟಿನಲ್ಲೇ ಅದೇ ಕಾರ್ಯಾಲಯ ಹಿಡಿದೆವು, ಡಿಸೆಂಬರ್ ಐದಕ್ಕೆ. ಗಂಡಿನವರು ಮೂಡಲಗಿಯವರು. ಕಾರ್ಡು ಹಂಚಿಯಾದ ಮೇಲೆ ಅಡಿಗೆಮನೆ ನೋಡಿಬರಲು ಅವ್ವನ ಜೊತೆ ಹೋದೆ. ಸೈಟಿನಲ್ಲಿ ನಮ್ಮ ಲಗ್ನ ಮೇ ಹನ್ನೆರಡಕ್ಕೇ ಮುಗಿದುಹೋಗಿತ್ತು! ಡಿಸೆಂಬರ್ ಐದು ಖಾಲಿ ಕಂಡದ್ದಕ್ಕೆ ಸಾಹುಕಾರರು ಅದನ್ನು ಸಂಕೇಶ್ವರದ ತಮ್ಮ ಬೀಗರಿಗೆ ಬಾಯಿಮಾತಿನಲ್ಲೇ ಕೊಟ್ಟುಬಿಟ್ಟಿದ್ದರು.

“ಸೈಟ್ ಬರ್ದಾಕಿ ನಿಮ್ಮ ಮಗಳ ಅಲ್ಲೇನ್ರಿ? ಅಕಿನ್ನ ಕೇಳ್ರಿ,” ಎಂದರು ಅವ್ವನಿಗೆ.

ನಾನು ಅಲ್ಲೇ ಲ್ಯಾಪ್‌ಟಾಪ್ ತೆಗೆದು ಓರೆಗೆರೆಗಳನ್ನು ತೋರಿಸಿದೆ. ಅಳಿಯ ನೆಲ ನೋಡುತ್ತ, “ಮಾವಾರ ಹೇಳಿದ್ರು, ಬದ್ಲಿ ಮಾಡಿದ್ನಿ,” ಎಂದ. ಅವ್ವ ಕೈಮುಗಿದಳು. ಆ ಮನುಷ್ಯನ ಮುಂದೆ ನನ್ನ ಅವ್ವ ಕೈಮುಗಿದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

“ಒಂದ್ ಗೆರಿಗೆ ಇಷ್ಟ್ಯಾಕ ಹಾರಾಡ್ತಿ? ಬ್ಯಾರೆ ತಾರೀಖ ತಗೋ,” ಎಂದರು ಸಾಹುಕಾರರು.

“ನಿಮ್ಮ ಮಗಳ ಲಗ್ನಕ್ಕೂ ಹಿಂಗ ಅಂದಿದ್ರೇನ್ರಿ?” ಎಂದು ಕೇಳಿದೆ. ಅವರು ಮೊಬೈಲ್ ಹಿಡಿದುಕೊಂಡು ಎದ್ದು ಹೊರಗೆ ಹೋದರು.

ಆ ಮುಹೂರ್ತಕ್ಕೆ ಬೇರೆಲ್ಲೂ ಕಾರ್ಯಾಲಯ ಸಿಗಲಿಲ್ಲ. ಮನೆಗೆ ಬಂದು ಅವ್ವ ಮೂಡಲಗಿಗೆ ಫೋನ್ ಮಾಡಿ, ಮನೆ ಮುಂದೆಯೇ ಹಂದರ ಹಾಕಿ ಮಾಡಿಕೊಡುತ್ತೇವೆ ಎಂದಳು. ಹುಡುಗನ ಅಪ್ಪನ ದನಿ ನಮಗೆಲ್ಲ ಕೇಳಿಸಿತು. “ಒಂದ್ ಕಾರ್ಯಾಲಯ ಹಿಡಿಯಾಕ ಬರದವ್ರ ಮನಿ ಹೆಣ್ಣ ನಮಗ ಬ್ಯಾಡ್ರಿ. ನಾಕ್ ಮಂದ್ಯಾಗ ನಮ್ಮ ಮರ್ಯಾದಿ ಕಳದ್ರಿ.”

ಅವ್ವ ಗೋಗರೆಯತೊಡಗಿದಳು. ತಂಗಿ ಅವಳ ಕೈಯಿಂದ ಫೋನ್ ಕಸಿದುಕೊಂಡು, “ಬ್ಯಾಡಂದ್ರ ಬಿಡ್ರಿ,” ಎಂದು ಕಟ್ ಮಾಡಿದಳು.

ಆಮೇಲೆ ಬಚ್ಚಲಿನಲ್ಲಿ ಕೂತು ನನ್ನ ಮುಂದೆ ಎರಡೂ ಕೈ ಚಾಚಿದಳು. ಲಗ್ನಕ್ಕೆಂದು ಹಿಂದಿನ ದಿನವಷ್ಟೇ ಇಡಿಸಿಕೊಂಡ ಹಸಿರು ಬಳೆಗಳು ಬಿಗಿಯಾಗಿದ್ದವು. ನಾನು ಸಿಟ್ಟಿನಲ್ಲಿ ಸಾಬೂನು ಹಚ್ಚಿ ಜಗ್ಗತೊಡಗಿದೆ.

“ಸಾವಕಾಶ ಅಕ್ಕಾ,” ಎಂದಳು. “ಒಂದೂ ಒಡೀಬಾರದು.”